ನಲವತ್ತನೆಯ ದಿನದ ಕಾಯಿ

ಬ್ಯಾಡಗಿ ಮೆಣಸಿನಕಾಯಿ ಹಸಿರಿನಿಂದ ಕೆಂಪಿಗೆ ಒಮ್ಮೆಲೇ ಹೋಗುವುದಿಲ್ಲ. ನಡುವೆ ಒಂದು ದಿನ, ಹೆಚ್ಚೆಂದರೆ ಒಂದೂವರೆ ದಿನ, ಅದು ಹುರಿದ ಹುಣಸೆಬೀಜದ ಬಣ್ಣದಲ್ಲಿರುತ್ತದೆ. ಬೆಳಗಿನ ಬಿಸಿಲಿಗೆ ಎತ್ತಿ ಹಿಡಿದರೆ ಸಿಪ್ಪೆಯ ಒಳಗೆ ಯಾರೋ ದೀಪ ಹಚ್ಚಲು ಹೋಗಿ ಕೈ ತಡೆದು ನಿಂತಂತೆ ಕಾಣುತ್ತದೆ. ನಾವು ಹಿಡಿಯಲು ಹೊರಟದ್ದು ಆ ಒಂದು ದಿನವನ್ನು. ಹೂ ಅರಳಿದಂದಿನಿಂದ ಎಣಿಸಿದರೆ ಅದು ನಲವತ್ತನೆಯ ದಿನ.

ನಾವು ಅಂದರೆ ಮೇಡಂ ಮತ್ತು ನಾನು. ಮೇಡಂ ಬೆಂಗಳೂರಿನ ಒಂದು ಸಂಶೋಧನಾ ಸಂಸ್ಥೆಯಲ್ಲಿ ಅಣುಜೀವಶಾಸ್ತ್ರಜ್ಞೆ. ಹುಟ್ಟೂರು ರಾಣೆಬೆನ್ನೂರು. ಎಷ್ಟು ವರ್ಷ ಬೆಂಗಳೂರಿನಲ್ಲಿದ್ದರೂ ಮಾತು ರಾಣೆಬೆನ್ನೂರಿನದೇ ಉಳಿದಿತ್ತು. ನಾನು ಹಾವೇರಿಯವಳು, ಧಾರವಾಡದಲ್ಲಿ ಎಂ.ಎಸ್ಸಿ. ಮುಗಿಸಿ ಅವರ ಕೈಕೆಳಗೆ ಸಹಾಯಕಿಯಾಗಿ ಸೇರಿದ್ದೆ. ತೊಂಬತ್ತರ ದಶಕದ ನಡುವಿನ ಮಾತು. ಹಾವೇರಿ ಆಗಿನ್ನೂ ಧಾರವಾಡ ಜಿಲ್ಲೆಯ ಒಂದು ತಾಲ್ಲೂಕು.

ಮೆಣಸಿನಕಾಯಿಗೆ ಕೆಂಪು ಕಟ್ಟುವ ಜೀನು ಯಾವುದು ಎಂಬುದು ಮೇಡಂ ಅವರ ಪ್ರಶ್ನೆ. ಆ ಜೀನು ಬಾಯಿ ತೆರೆಯುವುದು ಕಾಯಿ ಬಣ್ಣ ತಿರುಗುವ ದಿನ ಮಾತ್ರ. ಅದು ಆಡಿದ ಮಾತು ಆರ್‌ಎನ್‌ಎ ಎಂಬ ಸಣ್ಣ ಎಳೆಯಾಗಿ ಕಾಯಿಯೊಳಗೆ ಓಡಾಡುತ್ತಿರುತ್ತದೆ. ಆ ಎಳೆ ಸಿಕ್ಕರೆ ಅದನ್ನು ಹಿಡಿದು ಜೀನಿನ ತನಕ ಹೋಗಬಹುದು. ಆದರೆ ಎಳೆಗೆ ಆಯುಷ್ಯವಿಲ್ಲ. ಕಾಯಿಯನ್ನು ಗಿಡದಿಂದ ಹರಿದ ಕೆಲವೇ ನಿಮಿಷಗಳಲ್ಲಿ ಅದು ಚೂರುಚೂರಾಗುತ್ತದೆ. ಹಿಂದಿನ ವರ್ಷ ಮಂಜುಗಡ್ಡೆಯಲ್ಲಿಟ್ಟು ಒಯ್ದ ಕಾಯಿಗಳೆಲ್ಲ ಹಾಗೆ ಹಾಳಾಗಿದ್ದವು. ಹೊಲದಲ್ಲೇ, ಹರಿದ ಕ್ಷಣವೇ, ದ್ರವ ಸಾರಜನಕದಲ್ಲಿ ಮುಳುಗಿಸಿ ಕಲ್ಲಿನಂತೆ ಹೆಪ್ಪುಗಟ್ಟಿಸಬೇಕು. ಪ್ರಯೋಗಾಲಯ ಮುಟ್ಟುವ ತನಕ ಒಂದು ಗಳಿಗೆಯೂ ಕರಗಲು ಬಿಡಬಾರದು. ನಮ್ಮ ಕೆಲಸವೆಲ್ಲ ಇಷ್ಟೇ.

ಬೇರೆ ದೇಶದ ಒಂದು ಗುಂಪು ದೊಣ್ಣೆ ಮೆಣಸಿನಕಾಯಿಯಲ್ಲಿ ಇದೇ ಜೀನಿನ ಬೆನ್ನುಹತ್ತಿದೆ ಎಂದು ಯಾರೋ ಮೇಡಂಗೆ ಪತ್ರ ಬರೆದಿದ್ದರು. ಸಂಸ್ಥೆಯ ಗ್ರಂಥಾಲಯದಲ್ಲಿ ಇಟ್ಟಿಗೆಯಂಥ ಸಂಪುಟಗಳ ಒಂದು ಸಾಲಿತ್ತು. ಯಾರ ಲೇಖನವನ್ನು ಯಾರು ಯಾರು ಉಲ್ಲೇಖಿಸಿದ್ದಾರೆ ಎಂದು ಇರುವೆಯಂಥ ಅಕ್ಷರಗಳಲ್ಲಿ ಅಚ್ಚಾದ ಸೂಚಿ ಅದು. ಒಮ್ಮೆ ಮೇಡಂ ಅದರಲ್ಲಿ ತಮ್ಮ ಹೆಸರು ತೋರಿಸಿದ್ದರು.

"ಇಲ್ಲಿ ನೋಡವಾ. ಇದು ನನ್ನ ಹೆಸರು. ಕೆಳಗ ಎರಡು ಸಾಲು. ಅದರಾಗ ಒಂದು ನಾನ ಬರದದ್ದು."

"ಇನ್ನೊಂದು?"

"ನನ್ನ ತಪ್ಪು ಅಂತ ಹೇಳಾಕ ಬರದದ್ದು."

ನಕ್ಕುಬಿಟ್ಟರು. ಆಮೇಲೆ ಪುಟದ ಮೇಲೆ ಬೆರಳಿಟ್ಟುಕೊಂಡೇ, "ಮೊದಲು ಹೇಳಿದಾವರ ಹೆಸರ ಕೆಳಗ ಸಾಲು ಬೆಳೀತಾವು. ಎರಡನೇದಾವರದು ಹಿಂಗ ಇರತೈತಿ," ಅಂದರು. ಈ ಕೆಲಸವಾದರೂ ಮೊದಲನೆಯದಾಗಿ ಹೊರಗೆ ಬರಬೇಕು ಎಂಬ ಹಂಬಲ ಅವರಿಗೆಷ್ಟಿತ್ತು ಎಂದು ನನಗೆ ಆ ಬೆರಳು ನೋಡಿ ಗೊತ್ತಾಯಿತು.

ಮೂರು ಊರುಗಳಲ್ಲಿ ರೈತರ ಹೊಲಗಳನ್ನು ಆರಿಸಿಕೊಂಡಿದ್ದೆವು. ಯಾವ ಹೂ ಯಾವ ದಿನ ಅರಳಿತೆಂದು ಗುರುತಿಡುವುದು ನನ್ನ ಪಾಲಿನ ಕೆಲಸ. ಮೊದಲು ಉಣ್ಣೆ ದಾರ ಕಟ್ಟಿದೆ. ಇಬ್ಬನಿಗೆ ಬಣ್ಣ ಬಿಟ್ಟು ಹಳದಿ ಯಾವುದು, ಬಿಳಿ ಯಾವುದು ತಿಳಿಯದಾಯಿತು. ನಮ್ಮ ಬಾಡಿಗೆ ವ್ಯಾನಿನ ಚಾಲಕರು ಹಾವೇರಿಯವರೇ, ಐವತ್ತು ದಾಟಿದವರು. ನಾನು ಅವರನ್ನು ಚಾಚಾ ಅನ್ನುತ್ತಿದ್ದೆ. ಅವರ ಮನೆಯಲ್ಲಿ ಏಲಕ್ಕಿ ಹಾರ ಕಟ್ಟುತ್ತಿದ್ದರು. ಮಾರನೆಯ ದಿನ ಹದಿನಾರು ಬಣ್ಣದ ರೇಷ್ಮೆ ದಾರದ ಉಂಡೆಗಳನ್ನು ತಂದು ನನ್ನ ಉಡಿಗೆ ಸುರಿದರು.

"ತಗೋ ಬೇಟಾ. ಮಳಿ ಹೊಡದ್ರೂ ಬಣ್ಣ ಬಿಡಂಗಿಲ್ಲ. ನಿಮ್ಮ ಮೆಣಸಿನಕಾಯಿಗೂ ಯಾಲಕ್ಕಿ ಮರ್ಯಾದಿ ಸಿಗಲಿ."

ಕರ್ಜಗಿಯ ಹೊಲದಲ್ಲಿ ನಾನು ಬಗ್ಗಿ ಹೂವಿನ ತೊಟ್ಟಿಗೆ ದಾರ ಸುತ್ತುವುದನ್ನು ಹೊಲದೊಡತಿ ಅಕ್ಕ ಬದುವಿನ ಮೇಲೆ ಕೂತು ನೋಡುತ್ತಿದ್ದಳು.

"ಏನವಾ ತಂಗಿ, ದೃಷ್ಟಿ ಆಗಬಾರ್ದಂತ ಕಟ್ಟಾಕತ್ತೀಯೇನು? ಹಂಗಾದ್ರ ನನ್ನ ಗಂಡಗೂ ಒಂದು ಕಟ್ಟು. ಸಂತಿಗಂತ ಹೋದಾಂವ ಮನಿ ಹಾದಿ ಮರ್ತಿರ್ತಾನ."

ಅಗಡಿಯ ಹೊಲದಲ್ಲಿ ಇದೇ ದಾರ ನಮ್ಮನ್ನು ಮುಳುಗಿಸಿತು. ಅಲ್ಲಿ ಕಾಯಿ ಬಿಡಿಸಲು ಬಂದ ಹೆಣ್ಣುಮಕ್ಕಳು ದಾರ ಕಟ್ಟಿದ ಕಾಯಿಗಳನ್ನು ಕಂಡು ಯಾವುದೋ ಹರಕೆಯವೆಂದು ತಿಳಿದು, ಅವನ್ನೇ ಮೊದಲು ಬಿಡಿಸಿ, ಬೇರೆ ಬುಟ್ಟಿಯಲ್ಲಿ ಕಾಪಾಡಿ, ನಾನು ಹೋದಾಗ ಎದುರಿಗೆ ತಂದಿಟ್ಟರು. ದಾರಗಳು ಒಂದೂ ಬಿಚ್ಚಿರಲಿಲ್ಲ. ಕಾಯಿಗಳು ಒಣಗಿ ಗಲಗಲ ಅನ್ನುತ್ತಿದ್ದವು. ಉಳಿದದ್ದು ಕರ್ಜಗಿಯ ಹೊಲ ಮತ್ತು ಬ್ಯಾಡಗಿಯ ಆಚೆ ಇದ್ದ ಇನ್ನೊಂದು ಹೊಲ.

ಸಾರಜನಕ ಸಿಕ್ಕದ್ದು ರಾಣೆಬೆನ್ನೂರಿನ ಒಂದು ಹೈನು ಕೇಂದ್ರದಲ್ಲಿ. ಆಕಳು ಎಮ್ಮೆಗಳಿಗೆ ಕೊಡುವ ಹೋರಿ ಕೋಣಗಳ ವೀರ್ಯವನ್ನು ಹೆಪ್ಪುಗಟ್ಟಿಸಿಡಲು ಅವರಲ್ಲಿ ಅದು ಸದಾ ಇರುತ್ತಿತ್ತು. ಹಾಲಿನ ಕ್ಯಾನಿನಂಥದೇ ಒಂದು ಅಲ್ಯೂಮಿನಿಯಂ ಕ್ಯಾನು. ಆದರೆ ಎರಡು ಗೋಡೆಗಳಿದ್ದು ನಡುವೆ ಗಾಳಿಯನ್ನು ಪೂರ್ತಿ ತೆಗೆದಿರುತ್ತಾರೆ, ತಂಪು ಹೊರಬೀಳದಂತೆ. ಮುಚ್ಚಳ ಬಿಗಿಯಾಗಿ ಕೂರುವುದಿಲ್ಲ, ಕೂರಲೂಬಾರದು. ಒಳಗಿನದು ಸದಾ ಸ್ವಲ್ಪಸ್ವಲ್ಪವೇ ಅನಿಲವಾಗಿ ಹೊರಬರುತ್ತಲೇ ಇರುತ್ತದೆ. ಕ್ಯಾನು ಕೊಟ್ಟ ಕಾಂಪೌಂಡರ್ ಪ್ರತಿ ಸಲವೂ ಅದೇ ಮಾತು ಹೇಳುತ್ತಿದ್ದ.

"ಮೇಡಂರ, ಇದಕ್ಕ ಬಣ್ಣಿಲ್ಲ, ವಾಸನಿ ಇಲ್ಲ. ಇದು ಕುಂತಲ್ಲಿ ನಾವು ಉಸರಾಡೋ ಗಾಳಿ ಜಾಗಾ ಬಿಟ್ಟು ಹೋಗತೈತಿ. ಗಾಡಿ ಕಿಡಕಿ ತಗದ ಇಡ್ರಿ. ನಮ್ಮ ಕ್ಯಾನಿನ ಖೋಲ್ಯಾಗ ಒಂದು ಬೆಕ್ಕು ಥಂಡಗೈತಂತ ಮಲಗಿತ್ತರಿ. ಎಬ್ಬಿಸಿದ್ರ ಏಳವಲ್ದು."

ನಾವು ಕಿಟಕಿಗಳನ್ನು ನಾಲ್ಕು ಬೆರಳು ತೆರೆದಿಟ್ಟೇ ಓಡಾಡಿದೆವು.

ನಲವತ್ತನೆಯ ದಿನದ ಬೆಳಿಗ್ಗೆ ಕರ್ಜಗಿಯಲ್ಲಿ ಕ್ಯಾನು ಇಳಿಸಿದಾಗ ಅದರ ಕುತ್ತಿಗೆಯ ಸುತ್ತ ಬಿಳಿ ಹಿಮದ ಒಂದು ಬಳೆ ಕಟ್ಟಿತ್ತು. ನಾನು ಅದರ ಮೇಲೆ ಬೆರಳಾಡಿಸಿದೆ. ಸಣ್ಣ ಸಕ್ಕರೆಯಂತೆ ಉದುರಿತು. ಎರಡು ಗೋಡೆಗಳ ನಡುವಿನ ಖಾಲಿ ಜಾಗಕ್ಕೆ ಗಾಳಿ ನುಗ್ಗಿದರೆ ಮಾತ್ರ ಹೊರಮೈ ಹಾಗೆ ಹೆಪ್ಪುಗಟ್ಟುತ್ತದೆ, ಒಳಗಿನದು ಬೇಗ ಬೇಗ ಅನಿಲವಾಗಿ ಹೋಗುತ್ತಿದೆ ಎಂದರ್ಥ. ನನಗೆ ಅದು ಗೊತ್ತಿತ್ತು. ಹೇಳಿದರೆ ಕ್ಯಾನು ಬದಲಿಸಲು ರಾಣೆಬೆನ್ನೂರಿಗೆ ಹೋಗಿಬರಬೇಕು, ಕಾಯಿ ಅಷ್ಟರಲ್ಲಿ ನಮಗಾಗಿ ಕಾಯುವುದಿಲ್ಲ. ಮಧ್ಯಾಹ್ನ ಹೇಗೂ ಅಲ್ಲಿಗೇ ಹೋಗಿ ತುಂಬಿಸುತ್ತೇವಲ್ಲ ಎಂದುಕೊಂಡೆ. ಈಗ ಕಣ್ಣು ಮುಚ್ಚಿದರೆ ಎಲ್ಲಕ್ಕಿಂತ ಮೊದಲು ಬರುವುದು ಆ ಬಳೆ. ಬಂದಾಗಲೆಲ್ಲ ಚಂದವಾಗಿಯೇ ಇರುತ್ತದೆ.

ಕಾಯಿ ಹರಿಯುವುದು, ಬೆಳ್ಳಿ ಹಾಳೆಯಲ್ಲಿ ಸುತ್ತುವುದು, ಚೀಟಿ ಕಟ್ಟುವುದು, ಮುಳುಗಿಸುವುದು. ಒಂದೊಂದು ಪೊಟ್ಟಣ ಇಳಿದಾಗಲೂ ಕ್ಯಾನು ಬಿಸಿ ಹಂಚಿನಂತೆ ಚುಂಯ್ ಅಂದು ಹೊಗೆ ಉಗುಳುತ್ತಿತ್ತು. ಹೋಲಿಕೆಗೆಂದು ಹರಿದ ಹಸಿರು ಕಾಯಿಗಳು, ನಾಲ್ಕು ದಿನ ತಡವಾಗಿ ಅರಳಿದ ಹೂವಿನವು, ಅಂದರೆ ಮೂವತ್ತಾರನೆಯ ದಿನದವು, ಮೊದಲು ಇಳಿದು ತಳಕ್ಕೆ ಹೋದವು. ನಲವತ್ತನೆಯ ದಿನದವು ಕೊನೆಗೆ, ಎಲ್ಲಕ್ಕಿಂತ ಮೇಲೆ.

ಬ್ಯಾಡಗಿಯ ಆಚೆಯ ಹೊಲಕ್ಕೆ ಹೋಗಲು ಊರೊಳಗೇ ಹಾಯಬೇಕು. ಅಂದು ಮಾರುಕಟ್ಟೆಯ ದಿನ. ಮೋಟೆಬೆನ್ನೂರಿನಲ್ಲಿ ಹೆದ್ದಾರಿ ಬಿಟ್ಟು ತಿರುಗುತ್ತಲೇ ಗಾಳಿಯ ರುಚಿ ಬದಲಾಯಿತು. ಊರು ಮುಟ್ಟುವ ಹೊತ್ತಿಗೆ ಲಾರಿ, ಟ್ರ್ಯಾಕ್ಟರು, ಚಕ್ಕಡಿ ಎಲ್ಲ ಒಂದಕ್ಕೊಂದು ಸಿಕ್ಕಿಹಾಕಿಕೊಂಡು ನಿಂತಿದ್ದವು. ಎರಡೂ ಕಡೆ ಕೆಂಪು ಚೀಲಗಳು, ಚೀಲಗಳ ಆಚೆ ಕೆಂಪು ರಾಶಿಗಳು. ಘಾಟಿಗೆ ಮೇಡಂ ಕೆಮ್ಮತೊಡಗಿದರು. ಅವರಿಗೆ ಮೊದಲೇ ಉಬ್ಬಸ.

ಮೆಣಸಿನಕಾಯಿ ಹಂಗಾಮಿನಲ್ಲಿ ಆ ಊರಿನಲ್ಲಿ ಎಲ್ಲರೂ ಮಾಡುವುದನ್ನೇ ನಾವೂ ಮಾಡಿದೆವು. ಚಾಚಾ ತಮ್ಮ ಕಡೆಯ ಗಾಜು ಏರಿಸಿ ಮುಂದಿನ ಹಲಗೆಯ ಮೇಲೆ ಒಂದು ಊದುಬತ್ತಿ ಹಚ್ಚಿ ಸಿಕ್ಕಿಸಿದರು. ನಾನು ಹಿಂದಿನ ಗಾಜು ಸರಿಸಿದೆ. ಅದು ಪೂರ್ತಿ ಕೂಡುತ್ತಿರಲಿಲ್ಲ. ನನ್ನ ದುಪಟ್ಟಾವನ್ನು ನೀರಿನಲ್ಲಿ ಅದ್ದಿ ಹಿಂಡಿ ಆ ಸಂದಿಗೆ ತುರುಕಿದೆ. ಒಂದು ಎಳೆ ಗಾಳಿಯೂ ಬರದಂತೆ ಬೆರಳಿನಿಂದ ಒತ್ತೊತ್ತಿ ತುಂಬಿದೆ.

"ಹತ್ತು ಮಿನಿಟಿನ ಮಾತು," ಅಂದರು ಚಾಚಾ, ಎಂಜಿನ್ ಆರಿಸುತ್ತ. ಅಂದು ಅವರಿಗೆ ರೋಜಾ. ಬೆಳಗಾಗುವ ಮೊದಲು ತುಸು ತಿಂದವರು ನೀರೂ ಮುಟ್ಟಿರಲಿಲ್ಲ. "ನೀವು ಆರಾಮ ಕುಂದ್ರಿ. ನಾ ಜರಾ ತಲಿ ಆನಸ್ತೇನಿ."

ಆಗಲೇ ಹಿಂದಿನಿಂದ ಚೀಲ ಹೇರಿದ ತಳ್ಳುಗಾಡಿಯೊಂದು ನಮಗೆ ಗುದ್ದಿತು. ಕ್ಯಾನು ಓಲಿತು, ಮುಚ್ಚಳ ಜಾರಿತು, ಒಂದಿಷ್ಟು ಸಾರಜನಕ ಹೊರಚೆಲ್ಲಿ ಆಸನದ ಕೆಳಗೆ ಬಿಳಿ ಹೊಗೆಯಾಗಿ ಹರಿದಾಡಿತು. ಮೇಡಂ ಎರಡೂ ಕೈಯಿಂದ ಕ್ಯಾನು ತಬ್ಬಿ ನಿಲ್ಲಿಸಿದರು.

"ಬಿದ್ದಿಲ್ಲ, ಬಿದ್ದಿಲ್ಲ. ಮುಚ್ಚಳ ಕೊಡು. ಅಯ್ಯ, ಎಷ್ಟು ಥಂಡ ಆತು ನೋಡು, ಚಲೋ ಆತು."

ಖರೇನೇ ಚಲೋ ಆಗಿತ್ತು. ಹೊಗೆ ಗಳಿಗೆಯಲ್ಲಿ ಕರಗಿತು. ಉರಿಯುತ್ತಿದ್ದ ಕಣ್ಣುಗಳಿಗೆ ತಂಪು ಹತ್ತಿತು, ಪಾದಗಳು ಹೊಳೆಯಲ್ಲಿ ಇಳಿಬಿಟ್ಟಂತಾದವು. ಮೇಡಂ ಕ್ಯಾನಿನ ಮೇಲೆ ಬಾಗಿ ತೊಡೆಯ ಮೇಲಿನ ವಹಿಯಲ್ಲಿ ಪೊಟ್ಟಣಗಳ ಪಟ್ಟಿ ಬರೆಯುತ್ತಿದ್ದರು. ನಾನು ಗಾಜಿನಾಚೆಯ ರಾಶಿಗಳನ್ನು ನೋಡುತ್ತ ಕೂತೆ. ಅವು ಬಹಳ ನಿಧಾನವಾಗಿ ಉಸಿರಾಡುತ್ತಿದ್ದವು. ಚೀಲ ಹೊತ್ತ ಹಮಾಲರು ಸಪ್ಪಳವಿಲ್ಲದೆ ತೇಲುತ್ತಿದ್ದರು. ಎಲ್ಲಿಂದಲೋ ಏಲಕ್ಕಿಯ ವಾಸನೆ ಬಂತು. ನನಗೆ ಯಾವ ಕಷ್ಟವೂ ಆಗುತ್ತಿರಲಿಲ್ಲ. ಇದನ್ನು ಯಾರಿಗೆ ಹೇಳಿದರೂ ನಂಬುವುದಿಲ್ಲ. ಉಸಿರು ಕಟ್ಟಲಿಲ್ಲ, ಎದೆ ಬಿಗಿಯಲಿಲ್ಲ. ಜೀವನದಲ್ಲಿ ಅಷ್ಟು ಹಗುರಾಗಿ ನಾನು ಎಂದೂ ಕೂತಿಲ್ಲ. ಎಲ್ಲವೂ ಸರಿಯಾಗಿದೆ, ಎಲ್ಲರೂ ಒಳ್ಳೆಯವರು, ಜೀನು ಸಿಕ್ಕೇ ಸಿಗುತ್ತದೆ ಅನ್ನಿಸುತ್ತಿತ್ತು.

ಮೇಡಂ ಬರೆಯುವುದನ್ನು ಒಮ್ಮೆ ನೋಡಿದೆ. ನಲವತ್ತು, ನಲವತ್ತು, ನಲವತ್ತು ಎಂದು ಒಂದರ ಕೆಳಗೊಂದು ಬರೆದಿದ್ದರು. ಕೊನೆಯದು ಗೆರೆ ದಾಟಿ ಪುಟದ ಅಂಚಿಗೆ ಜಾರಿತ್ತು. ಅವರ ಹಣೆ ಕ್ಯಾನಿನ ಮುಚ್ಚಳಕ್ಕೆ ತಾಗಿತ್ತು. ನಿದ್ದೆ ಬಂದಿರಬೇಕು, ಪಾಪ, ಅಂದುಕೊಂಡೆ. ಚಾಚಾ ಸ್ಟೇರಿಂಗಿನ ಮೇಲೆ ಕೆನ್ನೆಯಿಟ್ಟಿದ್ದರು. ತುಟಿ ನೇರಳೆಯ ಬಣ್ಣವಾಗಿತ್ತು. ರೋಜಾ ಅಲ್ಲವೇ, ನಿತ್ರಾಣ, ಅಂದುಕೊಂಡೆ. ಪ್ರತಿಯೊಂದಕ್ಕೂ ನನ್ನ ಬಳಿ ಒಂದು ಉತ್ತರವಿತ್ತು.

ಊದುಬತ್ತಿಗೆ ಮಾತ್ರ ಇರಲಿಲ್ಲ. ಅರ್ಧ ಕಡ್ಡಿ ಉಳಿದಿದ್ದರೂ ಅದರ ತುದಿಯ ಕೆಂಡ ಕಪ್ಪಾಗಿತ್ತು. ಹೊಗೆಯ ಎಳೆ ಇರಲಿಲ್ಲ. ಯಾರೂ ಊದಿರಲಿಲ್ಲ, ಗಾಳಿ ಬೀಸಿರಲಿಲ್ಲ. ಅದನ್ನು ಎಷ್ಟು ಹೊತ್ತು ನೋಡಿದೆನೋ ಗೊತ್ತಿಲ್ಲ. ಕಾಲೇಜಿನ ಮೊದಲ ವರ್ಷ ರಸಾಯನಶಾಸ್ತ್ರದ ಮೇಜಿನ ಮುಂದೆ ನಿಂತು ಒಂದು ಗಾಜಿನ ಜಾಡಿಯೊಳಗೆ ಕೆಂಡದ ಕಡ್ಡಿ ಇಳಿಸಿದ್ದು, ಅದು ಆರಿದ್ದು, ಜಾಡಿಯಲ್ಲಿರುವುದು ಸಾರಜನಕ ಎಂದು ವಹಿಯಲ್ಲಿ ಬರೆದದ್ದು ಬಹಳ ದೂರದಿಂದ, ಬೇರೆ ಯಾರದೋ ನೆನಪಿನಂತೆ ಬಂತು. ಆ ಜಾಡಿಯೊಳಗೆ ನಾವು ಮೂವರು ಕೂತಿದ್ದೇವೆ.

ದುಪಟ್ಟಾ ಎಳೆದೆ, ಕೈಯಲ್ಲಿ ಬಲವಿರಲಿಲ್ಲ, ನಾನೇ ತುರುಕಿದ್ದನ್ನು ನನಗೇ ಕೀಳಲಾಗಲಿಲ್ಲ. ಬದಿಯ ಬಾಗಿಲಿಗೆ ಲಾರಿಯ ಚೀಲ ಒತ್ತಿಕೊಂಡಿತ್ತು. ಹಿಂದಿನ ಬಾಗಿಲಿನ ಹಿಡಿಕೆ ತಿರುವಿ, ಮಲಗಿಕೊಂಡು ಎರಡೂ ಕಾಲಿನಿಂದ ಒದ್ದೆ. ಅದು ತೆರೆದುಕೊಂಡಾಗ ನಾನು ಹೊರಗೆ ಉರುಳಿದೆ. ಘಾಟು ಮುಖಕ್ಕೆ ಬಡಿಯಿತು. ಕೆಮ್ಮು ಬಂತು. ಅಷ್ಟು ಒಳ್ಳೆಯ ಕೆಮ್ಮು ಮತ್ತೆ ಬಂದಿಲ್ಲ.

ತೊಟ್ಟು ಬಿಡಿಸುವ ಹೆಂಗಸರು ಓಡಿಬಂದರು. ಅವರಲ್ಲಿ ವಯಸ್ಸಾದ ಒಬ್ಬ ಆಯಿ ನನ್ನ ರಟ್ಟೆ ಹಿಡಿದಳು.

"ಅಯ್ಯ ನಮ್ಮವ್ವ, ಘಾಟಿಗಿ ಬಿದ್ದಾಳ. ಎತ್ತರ್ರೇ, ಗಾಡಿಯೊಳಗ ಹಾಕಿ ಬಾಗಲಾ ಮುಚ್ಚರಿ. ಹೊರಗ ಇಟ್ರ ಇನ್ನೂ ಏರತೈತಿ!"

ಬ್ಯಾಡಗಿಯಲ್ಲಿ ಘಾಟಿಗೆ ಬಿದ್ದವರಿಗೆ ಮಾಡುವುದೇ ಅದು. ಮುಚ್ಚಿದ ಕೋಣೆಗೆ ಒಯ್ಯುವುದು. ಇಬ್ಬರು ನನ್ನ ಕಾಲು ಹಿಡಿದರು, ಇನ್ನೊಬ್ಬಳು ಬಾಗಿಲು ತಳ್ಳಲು ಹೋದಳು. ನನಗೆ ಮಾತು ಹೊರಡುತ್ತಿರಲಿಲ್ಲ. ಬಾಗಿಲಿನ ಸಂದಿಗೆ ಕೈ ಕೊಟ್ಟೆ. ಅದು ನನ್ನ ಬೆರಳುಗಳ ಮೇಲೆ ಬಿತ್ತು. ಆ ನೋವಿಗೆ ದನಿ ಹುಟ್ಟಿತು.

"ಮುಚ್ಚಬ್ಯಾಡ್ರೀ! ಒಳಗ ಗಾಳಿ ಇಲ್ಲ! ಒಳಗ ಇನ್ನೂ ಇಬ್ರು ಅದಾರ!"

"ಗಾಳಿ ಇಲ್ದ ಎಲ್ಲಿ ಹೋತವಾ?" ಅಂದಳು ಆಯಿ. ಆದರೆ ನನ್ನ ಮುಖ ನೋಡಿ ಬಾಗಿಲು ಬಿಟ್ಟಳು.

ಒಬ್ಬ ಹಮಾಲ ಚೀಲ ಎತ್ತುವ ಕಬ್ಬಿಣದ ಕೊಕ್ಕೆಯಿಂದ ಚಾಚಾನ ಕಡೆಯ ಗಾಜು ಒಡೆದು ಅವರನ್ನು ಹೊರಗೆಳೆದ. ಇನ್ನೊಬ್ಬ ಹಿಂದಿನಿಂದ ಮೇಡಂ ಅವರನ್ನು ಚೀಲದಂತೆ ಹೆಗಲಿಗೆ ಹಾಕಿ ತಂದು ರಾಶಿಯ ಪಕ್ಕ ಮಲಗಿಸಿದ. ಎರಡು ಉಸಿರಿಗೆ ಅವರು ಕೆಮ್ಮಿದರು, ಕಣ್ಣಿನಿಂದ ನೀರು ಸುರಿಯಿತು. ನಮ್ಮನ್ನು ಒಳಗೆ ಕೂಡಿಹಾಕಿದ ಘಾಟೇ ಅವರನ್ನು ಎಬ್ಬಿಸಿತು. ಚಾಚಾ ಏಳಲಿಲ್ಲ. ಗಾಜು ಒಡೆದ ಹಮಾಲನಿಗೆ ಅವರ ಗುರುತಿತ್ತು. ಅವನು ಅವರ ಎದೆ ತಿಕ್ಕಿದ, ಕೆನ್ನೆಗೆ ಹೊಡೆದ, ಬಾಯಿಗೆ ಬಾಯಿಟ್ಟು ಊದಿದ. "ಚಾಚಾ, ಏ ಚಾಚಾ, ಸಂಜಿ ಆತು ಏಳೋ, ರೋಜಾ ಬಿಡೋ ಹೊತ್ತಾತು," ಎಂದು ಕೂಗುತ್ತಲೇ ಇದ್ದ. ಆಗ ಹೊತ್ತು ನೆತ್ತಿಗೂ ಬಂದಿರಲಿಲ್ಲ. ಎಷ್ಟೋ ಹೊತ್ತಿನ ಮೇಲೆ ಚಾಚಾನ ಗಂಟಲಲ್ಲಿ ಗೊರ್ ಎಂದು ಒಂದು ಸಪ್ಪಳವಾಯಿತು.

ಇಬ್ಬರನ್ನೂ ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ಆಸ್ಪತ್ರೆಗೆ ಒಯ್ದರು. ಹತ್ತಿಸುವಾಗ ಮೇಡಂ ನನ್ನ ಮುಂಗೈ ಹಿಡಿದರು. ಕಣ್ಣು ಪೂರ್ತಿ ತೆರೆದಿರಲಿಲ್ಲ. "ಕ್ಯಾನ್ ನೋಡಕೋ," ಅಂದರು.

ನಾನು ಉಳಿದೆ. ಹಮಾಲರು ಕ್ಯಾನು ಇಳಿಸಿ ಒಂದು ದಲಾಲಿ ಅಂಗಡಿಯ ಕಟ್ಟೆಯ ಮೇಲಿಟ್ಟರು. ಅಂಗಡಿಯವರು ರಾಣೆಬೆನ್ನೂರಿನ ಹೈನು ಕೇಂದ್ರಕ್ಕೆ ಫೋನು ಹಚ್ಚಿದರು. ಕಾಂಪೌಂಡರ್ ಬೇರೆ ಸಾರಜನಕ ತಂದು ಸುರಿಯುವ ಹೊತ್ತಿಗೆ ಮೂರು ತಾಸು ಕಳೆದಿತ್ತು. ಅವನು ಗಾಬರಿಯಲ್ಲಿ ಒಳಗೆ ಇಣುಕದೆ ಸುರಿದುಬಿಟ್ಟ. ಆ ಮೂರು ತಾಸು ಕ್ಯಾನಿನ ಪಕ್ಕ ಇದ್ದವಳು ನಾನೊಬ್ಬಳೇ.

ಚಾಚಾ ಉಳಿದರು. ಒಂದು ತಿಂಗಳು ಮಾತು ತಡವರಿಸುತ್ತಿತ್ತು, ಎಡಗೈಯ ಎರಡು ಬೆರಳಿಗೆ ಜೋಮು ಉಳಿದುಕೊಂಡಿತು. ನೋಡಲು ಹೋದಾಗ, "ಬೇಟಾ, ಅಷ್ಟ ಚಲೋ ನಿದ್ದಿ ಅಲ್ಲಾ ಮತ್ತ ಕೊಡಬಾರ್ದು," ಅಂದರು.

ಬೆಂಗಳೂರಿನಲ್ಲಿ ಪೊಟ್ಟಣ ಬಿಚ್ಚಿದೆವು. ಹೆಪ್ಪುಗಟ್ಟಿದ ಕಾಯಿಯನ್ನು ತಣ್ಣನೆಯ ಕುಟ್ಟಾಣಿಯಲ್ಲಿ ಅರೆದು, ಫಿನಾಲಿನಲ್ಲಿ ಕಲಕಿ, ಆರ್‌ಎನ್‌ಎ ಬೇರೆ ಮಾಡಿ ಜೆಲ್ ಎಂಬ ಲೋಳೆಯ ಹಾಳೆಯಲ್ಲಿ ವಿದ್ಯುತ್ ಹಾಯಿಸಿ ಓಡಿಸಿದೆವು. ಕೆಡದ ಆರ್‌ಎನ್‌ಎ ಎರಡು ಚೊಕ್ಕ ಪಟ್ಟಿಗಳಾಗಿ ನಿಲ್ಲುತ್ತದೆ, ಕೆಟ್ಟದ್ದು ಒರೆಸಿದ ಕಾಡಿಗೆಯಂತೆ ಹರಡುತ್ತದೆ. ತಳದಲ್ಲಿದ್ದ ಮೂವತ್ತಾರನೆಯ ದಿನದವು ಚೊಕ್ಕ ಬಂದವು. ಮೇಲಿದ್ದ ನಲವತ್ತನೆಯ ದಿನದವು ಪಟ್ಟಿಗಳೂ ಹೌದು, ಸುತ್ತ ತೆಳ್ಳನೆಯ ಮಂಜೂ ಹೌದು. ಜೀನಿನ ಎಳೆಯನ್ನೇ ಹುಡುಕುವ ಮುಂದಿನ ಪರೀಕ್ಷೆಯಲ್ಲಿ ಅದೇ ನಲವತ್ತರ ಸಾಲಿನಲ್ಲಿ, ನಮಗೆ ಬೇಕಾದಲ್ಲೇ, ಒಂದು ಕಪ್ಪು ಗುರುತು ಕಂಡಿತು. ಮೂವತ್ತಾರರಲ್ಲಿ ಇರಲಿಲ್ಲ.

ಮೇಡಂ ಗುರುತು ಮೂಡಿದ ಫಿಲ್ಮಿನ ಹಾಳೆಯನ್ನು ಬೆಳಕಿಗೆ ಹಿಡಿದರು.

"ಕಾಯಿ ನಡುವ ಕರಗಿ ಮತ್ತ ಹೆಪ್ಪುಗಟ್ಟಿದ್ರ ಈ ಗುರುತಿಗೆ ಅರ್ಥ ಇಲ್ಲ. ಕರಗಿರದಿದ್ರ ಇದ ನಮ್ಮ ಜೀನು. ಜೆಲ್ ಹೇಳವಲ್ದು. ನಾ ಎಚ್ಚರಿದ್ದಿಲ್ಲ. ನೀ ಒಬ್ಬಾಕೀನ ಇದ್ದಿ. ಮುಚ್ಚಳ ತಗದು ನೋಡಿದ್ದೇನು? ಒಳಗ ಹೊಗಿ ಇತ್ತೇನು?"

ಹೊಗೆ ಇದ್ದರೆ ದ್ರವ ಉಳಿದಿದೆ, ಪೊಟ್ಟಣ ಕರಗಿಲ್ಲ ಎಂದರ್ಥ. ನನಗೆ ನೆನಪಿತ್ತು. ಕಟ್ಟೆಯ ಮೇಲೆ ಕೂತು ಮುಚ್ಚಳ ಎತ್ತಿದ್ದೆ. ಒಳಗಿನಿಂದ ಬೆಳ್ಳಗೆ ಹೊಗೆ ಸುರುಳಿಯಾಗಿ ಎದ್ದು ನನ್ನ ಗದ್ದ ಮುಟ್ಟಿತ್ತು. ಇತ್ತು ಅನ್ನಲು ಬಾಯಿ ತೆರೆದೆ. ಆಗ ಆ ನೆನಪಿನ ಬಲಗಡೆ ಯಾರೋ ನಿಂತಿರುವುದು ಕಂಡಿತು. ಚಾಚಾ. ಎರಡೂ ಕೈಯಲ್ಲಿ ಏಲಕ್ಕಿ ಹಾರ ಹಿಡಿದು ನಗುತ್ತ ನಿಂತಿದ್ದರು. ಆ ಹೊತ್ತಿಗೆ ಅವರು ಆಸ್ಪತ್ರೆಯ ಮಂಚದ ಮೇಲಿದ್ದರು.

"ಒಂದು ವಾರ ಟೈಮ್ ಕೊಡ್ರಿ," ಅಂದೆ.

ಬ್ಯಾಡಗಿಗೆ ಹೋದೆ. ದಲಾಲಿ ಅಂಗಡಿಯವರು ತಾವು ಫೋನಿನ ಹತ್ತಿರವೇ ಇದ್ದೆವೆಂದರು. ಆಯಿ ಅದೇ ಜಾಗದಲ್ಲಿ ತೊಟ್ಟು ಬಿಡಿಸುತ್ತಿದ್ದಳು. ನನ್ನ ಜಜ್ಜಿದ ಬೆರಳುಗಳನ್ನು ತಿರುವಿ ನೋಡಿದಳು.

"ಆಯಿ, ನಾ ಅವತ್ತ ಡಬ್ಬಿ ಮುಚ್ಚಳ ತಗದಿದ್ನೇನು?"

"ತಗದಿದ್ದಿ. ತಗದು, ಒಳಗ ನೋಡಿ, ನಗತಿದ್ದಿ. ಹುಚ್ಚ ಹಿಡೀತು ಹುಡುಗಿಗೆ ಅಂತ ನಾವು ಮಾತಾಡ್ಕೊಂಡ್ವಿ."

"ಹೊಗಿ ಬರತಿತ್ತೇನು?"

"ಯವ್ವ, ಇಡೀ ಪ್ಯಾಟಿ ತುಂಬ ಧೂಳ. ನನ್ನ ಕಣ್ಣಾಗ ನೀರ. ಅದರಾಗ ನಿನ್ನ ಹೊಗಿ ಯಾವದಂತ ನೋಡಲಿ?" ಆಮೇಲೆ ಮುಖ ಹತ್ತಿರ ತಂದು, "ಇತ್ತು ಅಂದ್ರ ನಿನಗ ಚಲೋ ಆಗತೈತೇನು? ಹಂಗಾದ್ರ ಇತ್ತು ಅಂತೀನಿ ತಗೋ. ನನ್ನ ಗಂಟೇನ ಹೋಗೂದೈತಿ?" ಅಂದಳು.

ಬೆಂಗಳೂರಿನ ಬಸ್ಸಿನಲ್ಲಿ ಆ ಮೂರು ತಾಸನ್ನು ಮತ್ತೆ ಮತ್ತೆ ಓಡಿಸಿದೆ. ಪ್ರತಿ ಸಲವೂ ಹೊಗೆ ಇತ್ತು. ಪ್ರತಿ ಸಲವೂ ಚಾಚಾ ಇದ್ದರು. ಒಬ್ಬರನ್ನು ತೆಗೆದು ಇನ್ನೊಂದನ್ನು ಉಳಿಸಿಕೊಳ್ಳಲು ನೋಡಿದೆ, ಆಗಲಿಲ್ಲ.

"ನನಗ ಗೊತ್ತಿಲ್ಲ ಮೇಡಂ," ಅಂದೆ. "ಹೊಗಿ ಇತ್ತು ಅಂತ ಅನಸ್ತೈತಿ. ಆದ್ರ ಅವತ್ತಿಂದು ನನಗ ಏನೇನೋ ಅನಸ್ತೈತಿ."

ಮೇಡಂ ಪ್ರಯೋಗದ ವಹಿ ತೆಗೆದು ನಲವತ್ತರ ಸಾಲಿನ ಮೇಲೆ ಅಳತೆಪಟ್ಟಿ ಇಟ್ಟು ನೇರವಾಗಿ ಒಂದು ಗೆರೆ ಎಳೆದರು. ಪಕ್ಕದಲ್ಲಿ, 'ಕರಗಿರುವ ಸಾಧ್ಯತೆ ಇದೆ, ಮುಂದಿನ ಹಂಗಾಮಿನಲ್ಲಿ ಮತ್ತೆ' ಎಂದು ಬರೆದು ಸಹಿ ಹಾಕಿದರು. ನನಗೂ ಪೆನ್ನು ಕೊಟ್ಟರು.

ಮುಂದಿನ ಹಂಗಾಮಿನಲ್ಲಿ ಮತ್ತೆ ದಾರ, ಮತ್ತೆ ಎಣಿಕೆ. ಚಾಚಾ ವ್ಯಾನಿನ ಹಿಂದಿನ ಗಾಜುಗಳನ್ನು ಕಿತ್ತು ಮನೆಯಲ್ಲೇ ಇಟ್ಟು ಬಂದಿದ್ದರು. ಬ್ಯಾಡಗಿ ದಾಟುವಾಗ ಮೂವರೂ ಅತ್ತೆವು, ಸೀನಿದೆವು. ಅರ್ಧ ತಾಸಿಗೊಮ್ಮೆ ಮೇಡಂ ಕ್ಯಾನಿನೊಳಗೆ ಕೋಲು ಇಳಿಸಿ ಅಳೆದು, ನನ್ನಿಂದಲೂ ಅಳೆಸಿ, ಇಬ್ಬರ ಅಂಕಿಯನ್ನೂ ಬರೆದುಕೊಂಡರು. ಕಾಯಿ ಕೆಡದೆ ತಲುಪಿತು. ಪಟ್ಟಿಗಳು ಚೊಕ್ಕ ಬಂದವು. ಕಪ್ಪು ಗುರುತು ಅದೇ ಜಾಗದಲ್ಲಿ ಮತ್ತೆ ಕಂಡಿತು. ಅದು ಮೊದಲ ವರ್ಷವೂ ನಿಜವೇ ಆಗಿತ್ತು.

ನಾವು ಜೀನಿನ ಅಕ್ಷರಗಳನ್ನು ಓದಿ ಮುಗಿಸಿ ಲೇಖನ ಬರೆಯುತ್ತಿದ್ದಾಗ ಅಂಚೆಯಲ್ಲಿ ಪತ್ರಿಕೆಯ ಹೊಸ ಸಂಚಿಕೆ ಬಂತು. ಬೇರೆ ದೇಶದ ಆ ಗುಂಪಿನ ಲೇಖನ ಅದರಲ್ಲಿತ್ತು. ಅದೇ ಜೀನು. ಮೇಡಂ ನಿಂತಲ್ಲೇ ಪೂರ್ತಿ ಓದಿದರು. ಚಿತ್ರಗಳ ಬಳಿ ಮಾತ್ರ ಸ್ವಲ್ಪ ಹೆಚ್ಚು ಹೊತ್ತು ನಿಂತರು.

"ಚಲೋ ಕೆಲಸ ಮಾಡ್ಯಾರ," ಅಂದರು.

ನಮ್ಮ ಲೇಖನ, ಬ್ಯಾಡಗಿ ಮೆಣಸಿನಲ್ಲೂ ಹಾಗೆಯೇ ಇದೆ ಎಂದು ಹೇಳುವ ಲೇಖನವಾಯಿತು. ಇಂದಿಗೂ ಈ ಜೀನಿನ ಬಗ್ಗೆ ಬರೆಯುವವರು ಮೊದಲು ಅವರನ್ನು ಉಲ್ಲೇಖಿಸುತ್ತಾರೆ. ನಮ್ಮದು ಕೆಲವರಿಗೆ ನೆನಪಾಗುತ್ತದೆ.

ಅಂದು ಮಧ್ಯಾಹ್ನವೇ ಉಲ್ಲೇಖಗಳ ಪಟ್ಟಿಯನ್ನು ಹೊಸದಾಗಿ ಟೈಪು ಮಾಡಲು ಕೂತೆವು. ಮೇಡಂ ಹೇಳುತ್ತ ಹೋದರು, ನಾನು ಬಡಿಯುತ್ತ ಹೋದೆ. ಒಂದನೆಯ ಸಂಖ್ಯೆ ಆ ಗುಂಪಿನದು. ಪರಿಚಯವಿಲ್ಲದ ಹೆಸರುಗಳನ್ನು ಅವರು ಒಂದೊಂದೇ ಅಕ್ಷರ ಬಿಡಿಸಿ ಹೇಳಿದರು. ಮುಗಿದ ಮೇಲೆ ನಾನು ಕೈ ತೆಗೆಯದೆ ಕೇಳಿದೆ.

"ಮೇಡಂ, ಅವತ್ತ ನಾ ಹೊಗಿ ಇತ್ತು ಅಂದಿದ್ರ?"

ಅವರು ಸಂಚಿಕೆಯಿಂದ ಕಣ್ಣೆತ್ತಲಿಲ್ಲ.

"ಬರೀತಿದ್ದೆ. ಹೋದ ವರ್ಷಾನ ಕಳಿಸಿರ್ತಿದ್ದೆ."

ನಾನು ಯಂತ್ರವನ್ನು ಮುಂದಿನ ಸಾಲಿಗೆ ಸರಿಸಿದೆ. ಅವರು ಪುಟ ತಿರುವಿದರು.

"ಎರಡನೇದು ಹೇಳ್ಲೇನು?"

"ಹೇಳ್ರಿ," ಅಂದೆ.